ಹಿಂಬಾಗಿಲಿನ ಬೀಗ

ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಅವ್ವನಿಗೆ ಬುತ್ತಿ ಕೊಡಲು ಹೋದಾಗ, ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದು ಕಂಡಿತು. ಹೆಂಗಸರೆಲ್ಲ ಒಳಗಿದ್ದರು.

"ಬೀಗ ಯಾಕ್ರಿ?" ಎಂದು ಮ್ಯಾನೇಜರರನ್ನು ಕೇಳಿದೆ.

"ಸೆರಗಿನಾಗ ಹತ್ತಿ ಕಟ್ಕೊಂಡ್ ಹೋಗ್ತಾರವ್ವಾ."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಬೆಂಕಿ ಸುರಕ್ಷತೆಯ ಲೋಪಗಳನ್ನು ಸಣ್ಣದು, ಗಂಭೀರ ಎಂದು ವಿಂಗಡಿಸುವುದು ನನ್ನ ಕೆಲಸ. ನಮ್ಮ ಅಣು ಸ್ಥಾವರದಲ್ಲಾಗಿದ್ದರೆ ಇದು ಗಂಭೀರ ಲೋಪ ಎಂದು ಹೇಳಿದೆ.

ಅವರು ನಕ್ಕರು. "ಇಲ್ಲೇನ್ ಅಣುಬಾಂಬ್ ಐತೇನು? ಬರೇ ಹತ್ತಿ ಐತಿ."

"ಹತ್ತಿಗಿ ಒಂದ್ ಕಿಡಿ ಸಾಕ್ರಿ. ಒಳಗ ನಮ್ಮವ್ವ ಅದಾಳ, ಬೀಗ ತಗೀರಿ."

ಗೊಣಗುತ್ತಲೇ ತೆಗೆದರು. ಮರುದಿನ ಅವ್ವನನ್ನು ಕೆಲಸವಿಲ್ಲವೆಂದು ವಾಪಸ್ ಕಳಿಸಿದರು. ಉಳಿದವರನ್ನು ಒಳಗೆ ಕರೆದು ಮತ್ತೆ ಬೀಗ ಹಾಕಿದರಂತೆ.

ಹೆಂಗಸರ ಜೀವಕ್ಕಿಂತ ಸೆರಗಿನ ಹತ್ತಿಗೆ ಹೆಚ್ಚು ಬೆಲೆ ಕಟ್ಟುವ ಈ ತಪ್ಪಿಗೆ ನಾನು ಕಲಿತ ವಿಂಗಡಣೆಯಲ್ಲಿ ದರ್ಜೆಯೇ ಇಲ್ಲ.