ಗೂಡ್ಸ್ ಗಾರ್ಡ್ ಹಯವದನರಾಯರ ಹಕ್ಕಿ ಲೆಕ್ಕ

ಹಯವದನರಾಯರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್. ಸಿಮೆಂಟು, ಗೊಬ್ಬರ, ಕಲ್ಲಿದ್ದಲು ತುಂಬಿದ ಐವತ್ತು ವ್ಯಾಗನ್ನುಗಳ ಹಿಂದೆ ಬ್ರೇಕ್‌ವ್ಯಾನಿನಲ್ಲಿ ಒಬ್ಬರೇ ಕೂತು, ಹಿಂದಕ್ಕೆ ಸರಿಯುವ ಹಳಿ ನೋಡುತ್ತ ಹೋಗುವುದು ಅವರ ಉದ್ಯೋಗ. ವಿಜಾಪುರದಿಂದ ಇಪ್ಪತ್ಮೂರನೆಯ ವಯಸ್ಸಿಗೆ ಸೂರತ್ತಿನ ಪಕ್ಕದ ಉಧ್ನಾಕ್ಕೆ ಬಂದವರು ಅಲ್ಲೇ ಐವತ್ನಾಲ್ಕು ಮುಟ್ಟಿದರು. ಸೂರತ್ತಿನ ಮಾರ್ಕೆಟ್ಟಿನಲ್ಲಿ ಸೀರೆ ವ್ಯಾಪಾರ ಮಾಡುವ ನಾನು ಇಷ್ಟು ವರ್ಷದಲ್ಲಿ ಮೂರು ಸಲ ಅಂಗಡಿ ಬದಲಾಯಿಸಿದೆ. ಅವರು ಟಿಫಿನ್ ಡಬ್ಬಿ ಕೂಡ ಬದಲಾಯಿಸಲಿಲ್ಲ.

ಹಕ್ಕಿಯ ಹುಚ್ಚು ಅವರಿಗೆ ಹಿಡಿದದ್ದು ಬೇಸರದಿಂದ. ಮೇಲ್ ಗಾಡಿಗಳಿಗೆ ದಾರಿ ಬಿಡಲು ಗೂಡ್ಸನ್ನು ಪಕ್ಕದ ಹಳಿಗೆ ತಳ್ಳಿ ನಿಲ್ಲಿಸುತ್ತಾರೆ. ಒಂದು ಗಂಟೆಯೂ ಆಗಬಹುದು, ಐದು ಗಂಟೆಯೂ ಆಗಬಹುದು. ಸುತ್ತ ಕಬ್ಬಿನ ಗದ್ದೆ, ತಂತಿ, ತಂತಿಯ ಮೇಲೆ ಹಕ್ಕಿ. ಬೇರೆ ಗಾರ್ಡುಗಳು ಮಲಗಿದರು, ಇವರು ನೋಡಿದರು. ಶನಿವಾರದ ಸಂತೆಯಲ್ಲಿ ಒಂದು ಹಳೆಯ ದುರ್ಬೀನು ಕೊಂಡರು. ಅದಕ್ಕೆ ಅವರು ಕೊಟ್ಟ ಬೆಲೆ ಕೇಳಿ, ಮುಂದೆ ಏನಾದರೂ ಕೊಳ್ಳುವಾಗ ನನ್ನನ್ನು ಕರೆದುಕೊಂಡು ಹೋಗಿ ಎಂದು ಕೈಮುಗಿದಿದ್ದೆ.

ಪ್ರತಿ ಜನವರಿಯಲ್ಲಿ ಒಂದು ಭಾನುವಾರ ಊರಾಚೆಯ ಕೆರೆಗಳ ನೀರುಹಕ್ಕಿ ಎಣಿಸಿ ಹಾಳೆ ತುಂಬಿ ಹಕ್ಕಿ ಗಣತಿಯವರಿಗೆ ಕಳಿಸುವುದು ಅವರ ನೇಮ. ಜೊತೆಗೆ ಇಬ್ಬರು. ಬ್ಯಾಂಕಿನ ಪಟ್ಟಾಭಿರಾಮ, ಮೈಸೂರಿನವನು, ಬರೆಯುವುದು ಅವನ ಕೆಲಸ. ಬ್ಯಾಂಕಿನವರು ಹೇಳಿದ್ದನ್ನಷ್ಟೇ ಬರೆಯುತ್ತಾರೆ, ಯೋಚಿಸುವುದಿಲ್ಲ, ಆದ್ದರಿಂದ ತಪ್ಪಾಗುವುದಿಲ್ಲ. ನನ್ನ ಪಾಲಿಗೆ ದೊಡ್ಡ ಹಿಂಡುಗಳು. ಒಟ್ಟಿದ ಸೀರೆಗಳ ಥಾಕು ನೋಡಿ ಎಷ್ಟು ಪೀಸೆಂದು ಮುಟ್ಟದೆ ಹೇಳುವ ಕಣ್ಣು ಹೆಬ್ಬಾತಿನ ಹಿಂಡಿಗೂ ಆಗುತ್ತದೆಂದು ರಾಯರ ಅಭಿಪ್ರಾಯ. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ದಾರಿಯಲ್ಲಿ ಸಿಗುವ ಪೋಂಕಿಗೆ. ಎಳೆ ಜೋಳದ ತೆನೆ ಸುಟ್ಟು ಬಡಿದ ಕಾಳು, ನಮ್ಮ ಸೀತನಿಯೇ. ಊರಲ್ಲಿ ಹೊಲದವನು ಕರೆದು ಕೊಡುತ್ತಾನೆ, ಇಲ್ಲಿ ತೂಕ ಮಾಡಿ ಕೊಡುತ್ತಾರೆ.

ಸೂರತ್ತಿಗೆ ಪ್ಲೇಗು ಬಂದುಹೋದ ಮರುವರ್ಷದ ಚಳಿಗಾಲ. ಬೆಳಿಗ್ಗೆ ಆರೂವರೆಗೆ ಓಲ್ಪಾಡ್ ಕಡೆಯ ಬಸ್ಸು ಹತ್ತಿದೆವು. ಮೂವರಿಗೂ ಹುಮ್ಮಸ್ಸಿರಲಿಲ್ಲ. ನನಗೆ ಮೊಣಕಾಲು, ಪಟ್ಟಾಭಿಗೆ ವರ್ಗಾವಣೆಯ ಆರ್ಡರು. ರಾಯರಿಗೆ ಗುರುವಾರ ರೈಲ್ವೆ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ. ಗಾಡಿಯ ಮೇಲೆ ಹೋಗುವವರಿಗೆಲ್ಲ ಇದು ಆಗಾಗ ಇರುತ್ತದೆ. ಪಾಸಾದರೆ ಗಾರ್ಡು, ಇಲ್ಲದಿದ್ದರೆ ಆಫೀಸಿನ ಕುರ್ಚಿ. ಕಣ್ಣಿನೊಳಗಿನ ಪರದೆ ಸವೆದಿದೆ, ಕನ್ನಡಕಕ್ಕೆ ಬಗ್ಗುವ ಕಾಯಿಲೆಯಲ್ಲ ಎಂದು ಹೊರಗಿನ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಅವರ ಹೆಂಡತಿ ಗಿರಿಜಮ್ಮ, ಪಟ್ಟಾಭಿ, ನಾನು, ಇಷ್ಟು ಜನಕ್ಕೆ ಮಾತ್ರ ಗೊತ್ತು.

ಅದಕ್ಕೆ ಉಪಾಯವೂ ಆಗಿತ್ತು. ಗೋಡೆಗೆ ತೂಗುಹಾಕುವ ಅಕ್ಷರದ ಹಲಗೆಗಳು ಮೂರೇ. ಯಾವನೋ ಹಿಂದಿನ ಗಾರ್ಡು ಮೂರನ್ನೂ ಸಾಲುಸಾಲಾಗಿ ಬರೆದಿಟ್ಟಿದ್ದ. ಮೇಲಿನ ದೊಡ್ಡ ಅಕ್ಷರ ಕಂಡರೆ ಯಾವ ಹಲಗೆಯೆಂದು ತಿಳಿಯಿತು, ಉಳಿದದ್ದು ಬಾಯಿಪಾಠ. ಬಸ್ಸಿನಲ್ಲಿ ರಾಯರು ಸಹಸ್ರನಾಮದ ಧಾಟಿಯಲ್ಲಿ ಇಂಗ್ಲಿಷ್ ಅಕ್ಷರ ಹೇಳುತ್ತಿದ್ದರು. ಪಟ್ಟಾಭಿ ಚೀಟಿ ಹಿಡಿದು ಒಪ್ಪಿಸಿಕೊಳ್ಳುತ್ತಿದ್ದ. ಎರಡನೆಯ ಹಲಗೆಯ ನಾಲ್ಕನೆಯ ಸಾಲಿನಲ್ಲಿ ಅವರು ತಡವರಿಸಿದಾಗ ನಾನೇ ಎತ್ತಿಕೊಟ್ಟೆ. ನನಗೂ ಬಾಯಿಪಾಠವಾಗಿತ್ತು.

ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದೆವು. ಸಂಕ್ರಾಂತಿಗೆ ಇಲ್ಲಿಯವರು ಹಾರಿಸಿದ ಗಾಳಿಪಟದ ದಾರ ಜಾಲಿಮರಗಳಲ್ಲಿ ಇನ್ನೂ ಜೋತಾಡುತ್ತಿತ್ತು. ರಾಯರು ಎಂದಿನಂತೆ ಹೆಸರು ಹೇಳುತ್ತ ಹೋದರು: ಟಿಟ್ಟಿಭ, ಕಾಜಾಣ, ಮಿಂಚುಳ್ಳಿ. ಒಂದೂ ತಪ್ಪಿಲ್ಲ. ಸ್ವಲ್ಪ ದೂರ ಹೋದ ಮೇಲೆ ನನಗೆ ಹೊಳೆಯಿತು, ಕೂಗಿದ ಹಕ್ಕಿಯ ಹೆಸರನ್ನಷ್ಟೇ ಹೇಳುತ್ತಿದ್ದಾರೆ. ತಂತಿಯ ಮೇಲೆ ಸುಮ್ಮನೆ ಕೂತಿದ್ದ ನೀಲಕಂಠವನ್ನು ಅವರು ದಾಟಿಹೋದರು. ಅಂಗಡಿಯಲ್ಲೂ ಹೀಗೆಯೇ. ಬಣ್ಣ ಕಾಣದ ಗಿರಾಕಿ ಸೆರಗು ಮುಟ್ಟಿ ಮುಟ್ಟಿ ನೋಡುತ್ತಾನೆ. ಅಂಥವನಿಗೆ ನಾನು ಏನೂ ಹೇಳುವುದಿಲ್ಲ, ಸೀರೆ ಮಡಚಿ ಕೊಡುತ್ತೇನೆ. ಇಲ್ಲಿಯೂ ಹೇಳಲಿಲ್ಲ.

ಕೆರೆ ಮುಟ್ಟಿದಾಗ ಒಂಬತ್ತಾಗಿತ್ತು. ಮಂಜು ಎದ್ದುಹೋಗಿ ನೀರು ಬೆಳ್ಳಗೆ ಹೊಳೆಯುತ್ತಿತ್ತು. ರಾಯರು ದುರ್ಬೀನು ಎತ್ತಿ ಬಹಳ ಹೊತ್ತು ನೋಡಿದರು.

"ಬರಕೋರಿ. ನಾಮದಕೋಳಿ, ನಲವತ್ತು."

ನಾಮದಕೋಳಿಯೆಂದರೆ ಕಪ್ಪು ಮೈಯ, ಹಣೆಯಲ್ಲಿ ಬಿಳಿ ಗುರುತಿನ ನೀರುಹಕ್ಕಿ. ನೀರಿನ ಮೇಲೆ ಕಪ್ಪಗೆ, ತುದಿಯಲ್ಲಿ ಬೆಳ್ಳಗೆ, ನಲವತ್ತು ಇದ್ದದ್ದು ಹೌದು. ಆದರೆ ಗೆರೆ ಎಳೆದ ಹಾಗೆ ಸಾಲಾಗಿದ್ದವು. ಮೀನುಗಾರರು ಬಲೆ ತೇಲಲೆಂದು ಕಟ್ಟಿದ್ದ ಇಂಜಿನ್ ಎಣ್ಣೆಯ ಕಪ್ಪು ಕ್ಯಾನುಗಳು, ಮುಚ್ಚಳ ಬಿಳಿ.

ಯೋಚಿಸದೆ ಬರೆಯುವ ಪಟ್ಟಾಭಿಯ ಪೆನ್ನು ನಿಂತಿತು. ಅವನು ನನ್ನನ್ನು ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ.

"ಇನ್ನೊಂದ್ಸಲ ನೋಡಿ ರಾಯರೇ," ಎಂದ ಪಟ್ಟಾಭಿ.

"ನೋಡೀನ್ರಿ. ಹಣಿ ಮ್ಯಾಲ ಬಿಳೀದು ಕಾಣಸ್ತದಲ್ಲ. ಸಾವಕಾರ್ರ, ನೀವರ ಹೇಳ್ರಿ ಈ ಬ್ಯಾಂಕಿನವ್ರಿಗೆ."

ಸುಳ್ಳು ನನಗೆ ಕಷ್ಟದ ಕೆಲಸವಲ್ಲ. ಬಣ್ಣ ಹೋಗುವುದಿಲ್ಲ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ. ಆ ಹೊತ್ತಿಗೆ ಮಾತ್ರ ಬಾಯಿ ಬರಲಿಲ್ಲ.

"ರಾಯರ, ಅವು ಎಣ್ಣಿ ಕ್ಯಾನು. ಬಲೀಗೆ ಕಟ್ಯಾರ."

ರಾಯರು ದುರ್ಬೀನು ಇಳಿಸಲಿಲ್ಲ. ಎಷ್ಟು ದೂರ ಇದ್ದಾವೆ ಎಂದಷ್ಟೇ ಕೇಳಿದರು. ಅರವತ್ತು ಹೆಜ್ಜೆ ಎಂದೆ. ಅವರು ಪ್ಯಾಂಟು ಮಡಚಿ, ಬೂಟು ಬಿಚ್ಚಿ, ಕೆಸರಿನ ಅಂಚಿನಲ್ಲೇ ಹೆಜ್ಜೆ ಎಣಿಸುತ್ತ ಹೊರಟರು. ಬಲೆಯ ಗೂಟದವರೆಗೆ ಹೋಗಿ ಒಂದು ಕ್ಯಾನು ಮುಟ್ಟಿ ವಾಪಸು ಬಂದರು. ಐವತ್ತೆಂಟು ಹೆಜ್ಜೆಯಂತೆ.

ವಾಪಸಾಗುವ ದಾರಿಯಲ್ಲಿ ಪೋಂಕು ಬಂತು, ಯಾರೂ ಸರಿಯಾಗಿ ತಿನ್ನಲಿಲ್ಲ. ಆಗ ರಾಯರು ಹೇಳಿದರು: ನಿಲ್ಲದೆ ಹೋಗುವ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಮೇಲಿನವನು ಗಾಡಿ ಸರಿಯಿದ್ದರೆ ಹಸಿರು ಬಾವುಟ ಹಿಡಿಯುತ್ತಾನೆ, ಚಕ್ರ ಸುಡುತ್ತಿದ್ದರೆ, ಏನಾದರೂ ನೇತಾಡುತ್ತಿದ್ದರೆ ಕೆಂಪು. ಹಿಂದಿನಿಂದ ಅದನ್ನು ನೋಡುವವನು ಗಾರ್ಡು ಒಬ್ಬನೇ. ಅದೂ ಇಷ್ಟೇ ದೂರ.

"ಹ್ವಾದ ತಿಂಗಳ ಒಬ್ಬಾಂವ ಬಾವುಟ ಹಿಡದಿದ್ದ. ಹಸರ ಇರಬೇಕಂತ ನಾನೂ ಹಸರ ತೋರಿಸಿ ಬಂದೆ," ಎಂದರು. "ಹಸರ ಇತ್ತೋ ಏನೋ."

ಏನೂ ಆಗಲಿಲ್ಲವಲ್ಲ ಎಂದು ಪಟ್ಟಾಭಿ ಸಮಾಧಾನ ಮಾಡಿದ. ನಾಲ್ಕು ವರ್ಷ ಕಳೆದರೆ ನಿವೃತ್ತಿ ಎಂದು ನಾನು ಹೇಳಿದೆ. ಹೇಳಿದ ಮೇಲೆ ನಾಲ್ಕು ವರ್ಷದಲ್ಲಿ ಎಷ್ಟು ಸ್ಟೇಷನ್ನು, ಎಷ್ಟು ಬಾವುಟ ಎಂದು ಮನಸ್ಸು ತಾನೇ ಗುಣಿಸತೊಡಗಿತು. ಹಾಳು ಅಭ್ಯಾಸ. ಕುರ್ಚಿಯೆಂದರೆ ರಾಯರಿಗೆ ಭತ್ಯೆ ಹೋಗುವುದಷ್ಟೇ ಅಲ್ಲ, ಕಬ್ಬಿನ ಗದ್ದೆಯ ಪಕ್ಕ ನಿಂತ ಗಾಡಿ, ಆ ಐದು ಗಂಟೆಯ ಬೇಸರ, ಎಲ್ಲವೂ ಹೋಗುತ್ತದೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮಲಗಿದರು, ಅಥವಾ ಮಲಗಿದ ಹಾಗೆ ಕೂತರು. ಅಕ್ಷರ ಒಪ್ಪಿಸಿಕೊಳ್ಳಲೇ ಎಂದು ಕೇಳಲು ನಮ್ಮಿಬ್ಬರಿಗೂ ಧೈರ್ಯವಾಗಲಿಲ್ಲ.

ಗುರುವಾರ ಅಂಗಡಿ ಬಿಟ್ಟು ನಾನೂ ಆಸ್ಪತ್ರೆಗೆ ಹೋದೆ. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಗಿರಿಜಮ್ಮ ಕೈಯಲ್ಲಿ ಫೈಲು ಹಿಡಿದು ಕೂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಹಲಗೆಯ ದೊಡ್ಡ ಅಕ್ಷರ ನನಗೆ ಕಂಡಿತು, ಎರಡನೆಯದು. ರಾಯರ ದನಿ ನಿಧಾನವಾಗಿ ಮೂರು ಸಾಲು ಓದಿ ನಿಂತಿತು. ನಾಲ್ಕನೆಯ ಸಾಲನ್ನು ನಾನು ಬೆಂಚಿನ ಮೇಲೆ ಮನಸ್ಸಿನಲ್ಲೇ ಹೇಳಿ ಮುಗಿಸಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ.

ಹತ್ತು ನಿಮಿಷದ ಮೇಲೆ ಹೊರಬಂದರು.

"ಬರ್ತಿತ್ತಲ್ರೀ ಅದು ನಿಮಗ," ಎಂದೆ.

"ಬರ್ತಿತ್ತು," ಎಂದರು ರಾಯರು, ಗಿರಿಜಮ್ಮನ ಕಡೆ ನೋಡದೆ. "ಕಾಣಸ್ತಿರಲಿಲ್ಲ."

ಗಿರಿಜಮ್ಮ ಫೈಲು ಕೊಟ್ಟರು. ಕುರ್ಚಿಗೆ ಕಳಿಸುವ ಫಾರಂಗೆ ದೊಡ್ಡ ಡಾಕ್ಟರ ಸಹಿ ಬೇಕಿತ್ತು. ಅವರು ಊಟಕ್ಕೆ ಹೋಗಿದ್ದರು. ಮೂವರೂ ಮತ್ತೆ ಬೆಂಚಿನ ಮೇಲೆ ಕೂತೆವು.