ಹನ್ನೊಂದನೆಯ ಬ್ಯಾಟ್ಸ್‌ಮನ್

ಹಮ್ಮಿಗಿಯ ಹೊಳೆದಂಡೆಯಲ್ಲಿ ಕ್ರಿಕೆಟ್ ಪಂದ್ಯ. ಯೂಟ್ಯೂಬ್ ನೇರಪ್ರಸಾರದ ಮೇಲೆ ಸ್ಕೋರು, ಹೆಸರು ಮೂಡಿಸುವ ಸಾಫ್ಟ್‌ವೇರ್ ನಡೆಸುವುದು ನನ್ನ ಕೆಲಸ. ಆಟಗಾರರ ಹೆಸರನ್ನು ತಂಡದವರೇ ಫೋನಿನಲ್ಲಿ ತುಂಬಿರುತ್ತಾರೆ.

ಊರಿನ ತಂಡದಲ್ಲಿ ಹತ್ತೇ ಜನ ಇದ್ದರು. ಒಂಬತ್ತನೇ ವಿಕೆಟ್ ಬಿತ್ತು, ಇನ್ನಿಂಗ್ಸ್ ಮುಗಿಯಿತೆಂದು ನಾನು ನೀರಿಗೆ ಎದ್ದೆ. ಆಗಲೇ ಪರದೆಯ ಕೆಳಗೆ ಮೂಡಿತು: ‘ಮುಂದಿನ ಬ್ಯಾಟ್ಸ್‌ಮನ್, ರಾಜೇಸಾಬ.’

“ಇಂವಾ ಎಲ್ಲದಾನ್ರಿ?” ಪಕ್ಕದಲ್ಲಿದ್ದ ನಾಯಕನನ್ನು ಕೇಳಿದೆ.

“ಹ್ವಾದ ವರ್ಷ ಇದ ಹೊಳ್ಯಾಗ ಮುಳುಗಿ ಸತ್ತಾನ್ರಿ.”

ನನ್ನ ಕೈ ಆ ಹೆಸರು ಅಳಿಸಲು ಹೋಯಿತು. ಅವನು ತಡೆದ. “ತಗೀಬ್ಯಾಡ್ರಿ. ಹನ್ನೊಂದನೇ ಜಾಗಾ ಯಾವಾಗ್ಲೂ ಅವಂದ. ಒಂದ ಬಾಲ್ ಹಾಕ್ತಾರ. ಅವರವ್ವ ಮನ್ಯಾಗ ಕುಂತು ಮೊಬೈಲ್‌ದಾಗ ನೋಡಾಕತ್ತಾಳ.”

ಮೈದಾನದಿಂದ ಯಾರೂ ಹೊರಗೆ ಬರಲಿಲ್ಲ. ಶಾಮಿಯಾನದಿಂದ ಪಿಚ್ಚಿನವರೆಗೆ ಯಾರೋ ನಡೆದು ಹೋಗುತ್ತಿರುವಂತೆ ಎಲ್ಲರ ತಲೆಗಳು ನಿಧಾನವಾಗಿ ತಿರುಗಿದವು. ಎದುರು ತಂಡದ ಬೌಲರ್ ಓಡಿಬಂದು ಖಾಲಿ ಕ್ರೀಸಿಗೆ ಚೆಂಡು ಎಸೆದ. ನೆಟ್ಟಗೆ ಸ್ಟಂಪಿಗೆ ಹೊರಟಿದ್ದ ಚೆಂಡು, ಕ್ರೀಸಿನ ಹತ್ತಿರ ಟಕ್ಕಂತ ಸದ್ದಾಗಿ ಪಕ್ಕಕ್ಕೆ ಉರುಳಿತು. ಜನ ಚಪ್ಪಾಳೆ ತಟ್ಟಿದರು.

ಬೌಲರ್ ನೀರು ಕುಡಿಯಲು ಬಂದಾಗ ಮೆಲ್ಲಗೆ ಕೇಳಿದೆ, “ಬೇಕಂತ ತಿರುಗಿಸಿ ಹಾಕಿದೇನಪಾ?”

“ಇಲ್ರಿ,” ಎಂದು ತನ್ನ ಕೈಯನ್ನೇ ನೋಡಿಕೊಂಡ. “ಈ ಸಲಾ ಸ್ಟಂಪ್ ಕೆಡವಿ ತೀರಬೇಕಂತ ಹಾಕಿದ್ನಿ.”

ರಾಜೇಸಾಬನ ಈ ಸೀಸನ್ನಿನ ಸರಾಸರಿ ಇರಬೇಕಾದ ಜಾಗದಲ್ಲಿ ನನ್ನ ಸಾಫ್ಟ್‌ವೇರ್ ಬರೀ ಒಂದು ಗೆರೆ ತೋರಿಸುತ್ತದೆ. ಒಮ್ಮೆಯೂ ಔಟಾಗದವನ ಸರಾಸರಿ ತೆಗೆಯಲು ಅದಕ್ಕೆ ಬರುವುದಿಲ್ಲ.