ಯಲ್ಲವ್ವನ ಸೈಕಲ್ಲಿಗೆ ಅಡ್ಡ ಕೂತ ಕಟ್ಟೆ

ಯಲ್ಲವ್ವನಿಗೆ ಏರು ಹತ್ತುವಷ್ಟು ಕಸುವಿಲ್ಲ ಎಂದೇ ಈ ಬರಹಗಾರ ಬಹಳ ದಿನ ತಿಳಿದಿದ್ದ. ಸಿಂದಗಿಗೆ ಹೋಗುವ ಬಸ್ಸು ಭೀಮಾ ದಂಡೆಯ ಆ ಊರಿನ ಅಗಸಿಬಾಗಿಲ ಮುಂದೆ ನಿಂತಾಗಲೆಲ್ಲ ಕಿಟಕಿಯಲ್ಲಿ ಒಂದೇ ನೋಟ. ಐವತ್ತು ದಾಟಿದ ಹೆಂಗಸೊಬ್ಬಳು, ತಲೆತುಂಬ ಸೆರಗು, ಕ್ಯಾರಿಯರ್ ಮೇಲೆ ಖಡಕ್ ರೊಟ್ಟಿಯ ಗಂಟು, ಹ್ಯಾಂಡಲ್ಲಿನ ಎರಡೂ ಕಡೆ ಹಿಂಡಿಯ (ಚಟ್ನಿಪುಡಿಯ) ಡಬ್ಬಿ, ಸೈಕಲ್ಲನ್ನು ಎಳೆಯುತ್ತಾ ದೂಡುತ್ತಾ ಏರು ಹತ್ತುತ್ತಿದ್ದಾಳೆ. ಪಾಪ ಅನ್ನಿಸಿ ಒಮ್ಮೆ ಕಿಟಕಿಯಿಂದಲೇ ಪುಕ್ಕಟೆ ಉಪದೇಶ ಕೊಟ್ಟದ್ದಾಯಿತು: "ಯವ್ವಾ, ಗೇರಿನ ಸೈಕಲ್ ತಗೋರಿ. ಏರು ಹತ್ತಿದ್ದು ಗೊತ್ತಽ ಆಗೂದಿಲ್ಲ."

ಅವಳು ನಿಂತು, ಉಸಿರು ತಗೊಂಡು, ಕೇಳಿದಳು: "ಗೇರ್ ಹಾಕಿದ್ರ ಕಟ್ಟಿ ಆಚೀಕಡಿ ಸರೀತೈತೇನ್ರಿ?"

ಬಸ್ಸು ಹೊರಟಿತು. ಮಾತು ತಲೆಗೆ ಹೋಗಲಿಲ್ಲ. ಹೆಣ್ಣುಮಗಳು ದಣಿದು ಏನೋ ಅಂದಳು ಎಂದುಕೊಂಡದ್ದಷ್ಟೇ.

ವಿಷಯ ಹೀಗಿತ್ತು. ಯಲ್ಲವ್ವನ ಓಣಿಯಿಂದ ದಾರಿ ಇಳಿಜಾರಾಗಿ ಬಂದು ಅಗಸಿಯ ಹತ್ತಿರ ತಳಕ್ಕೆ ಮುಟ್ಟುತ್ತದೆ, ಅಲ್ಲಿಂದ ಏರಿ ಮೋರಟಗಿಯ ದಾರಿ ಹಿಡಿಯುತ್ತದೆ. ಸೈಕಲ್ ಹೊಡೆಯುವವರು ಯಾರೇ ಆಗಲಿ ಇಳಿಜಾರಿನ ಓಟವನ್ನು ಏರಿಗೆ ಬಳಸಿಕೊಳ್ಳುತ್ತಾರೆ. ಅರ್ಧ ಏರು ತಾನೇ ಮುಗಿಯುತ್ತದೆ, ಉಳಿದರ್ಧಕ್ಕೆ ನಾಲ್ಕು ಸಲ ತುಳಿದರೆ ಸಾಕು. ಆದರೆ ಸರಿಯಾಗಿ ಆ ತಳದಲ್ಲಿ, ಅಗಸಿಯ ಮಗ್ಗುಲಿಗೆ, ಹಿರಿಯರು ಕೂಡುವ ಕಟ್ಟೆ. ಕಟ್ಟೆಯ ಮೇಲೆ ಹಿರಿಯರಿದ್ದಾಗ ಹೆಣ್ಣುಮಕ್ಕಳು ಸೈಕಲ್ ಮೇಲೆ ಕೂತು ಹೋಗುವಂತಿಲ್ಲ. ಇಳಿಯಬೇಕು, ಸೆರಗು ಹೊದೆಯಬೇಕು, ತಲೆ ಬಗ್ಗಿಸಿ ದೂಡಿಕೊಂಡು ದಾಟಬೇಕು. ಸೊಸೆಯಾದರೂ ಅಷ್ಟೆ, ಮಗಳಾದರೂ ಅಷ್ಟೆ. ಸಾಲಿಗೆ ಹೋಗಲೆಂದು ಸರಕಾರ ಕೊಟ್ಟ ಸೈಕಲ್ಲುಗಳನ್ನೂ ಹುಡುಗಿಯರು ಅಲ್ಲಿ ಇಳಿದು ಕುಂಟೆತ್ತಿನ ಹಾಗೆ ನಡೆಸುತ್ತಾರೆ. ಹಿರಿಯರಾದರೋ ಹೊಲಕ್ಕೆ ಹೋಗುವ ವಯಸ್ಸು ಮುಗಿಸಿದವರು, ಮನೆಯಲ್ಲಿ ಕೂತರೆ ಸೊಸೆಯಂದಿರು ಕಸ ಹೊಡೆಯುತ್ತಾ ಕಾಲು ಎತ್ತಿಸುತ್ತಾರೆ. ಹಾಗಾಗಿ ಮುಂಜಾನೆಯಿಂದ ಸಂಜೆಯವರೆಗೂ ಕಟ್ಟೆಯ ಮೇಲೆಯೇ.

ಹೀಗೆ ಇಳಿದ ಮೇಲೆ ಓಟ ಎಲ್ಲಿಯದು? ಇಡೀ ಏರನ್ನು ಭಾರದ ಸಮೇತ ದೂಡಬೇಕು. ಆಕೆ ಏರಿಗೆ ಸೋತು ಇಳಿದವಳಲ್ಲ. ಮರ್ಯಾದೆ ಎಂಬ ಹೆಸರಿನ ಒಂದು ಕಲ್ಲಿನ ರಾಶಿಗೆ ಇಳಿದವಳು.

ಉಳಿದ ದಾರಿಯಲ್ಲಿ ಯಲ್ಲವ್ವ ರಾಣಿ. ಇಂಡಿ ಊರಿನ ಸಂತೆಯಲ್ಲಿ ಹಳೆಯದೊಂದು ಲೇಡೀಸ್ ಸೈಕಲ್ ಕೊಂಡು ಗಂಡ ಭೀಮಶ್ಯಾನಿಂದಲೇ ಕಲಿತವಳು. ಏರು ದಾಟಿದರೆ ಕೆಳಗೆ ಎಡಕ್ಕೆ ಹೊಳೆ, ಬಲಕ್ಕೆ ಬಿಳಿಜೋಳ, ತೊಗರಿ, ನಡುವೆ ಯಾವ ಕಾಲದ್ದೋ ಹಾಳು ಹುಡೇವು ಎಂಬ ಕಾವಲು ಬುರುಜು, ಅದರ ಬುಡದಲ್ಲಿ ಕತ್ತಿ ಹಿಡಿದ ವೀರಗಲ್ಲು. ಮುಂಜಾನೆ ಆ ದಾರಿಯಲ್ಲಿ ಆಕೆಯ ಸೈಕಲ್ ಚೈನಿನ ಸಪ್ಪಳ, ಜೋಳದಲ್ಲಿ ಗಾಳಿಯ ಸಪ್ಪಳ, ಬೇರೇನಿಲ್ಲ. ಹಳ್ಳಿ ಹಳ್ಳಿಯಲ್ಲಿ ಶೇಂಗಾ ಹಿಂಡಿ, ಪುಠಾಣಿ ಹಿಂಡಿ, ರೊಟ್ಟಿ ಕೊಡುತ್ತಾ, ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರ ಮನೆಗೆ ಒಯ್ಯದೆ (ಇದು ಆ ಸೀಮೆಯಲ್ಲಿ ಅಪರೂಪದ ಗುಣ), ಹೊತ್ತು ಏರುವಷ್ಟರಲ್ಲಿ ಮನೆ ಸೇರುತ್ತಿದ್ದಳು. ಆ ಸೈಕಲ್ಲೇ ಆಕೆಯ ಅಂಗಡಿ, ಅದೇ ಆಕೆಯ ಹವಾ.

ಕಳೆದ ವರ್ಷ ಮೊಣಕಾಲು ಬಾತಿತು. ಸಿಂದಗಿಯ ಡಾಕ್ಟರಮ್ಮ ಒತ್ತಿ ನೋಡಿ ಹೇಳಿದಳು: "ಸೈಕಲ್ ಎಷ್ಟರ ಹೊಡೀರಿ, ಕಾಲಿಗೆ ಛಲೋನ. ಆದ್ರ ಭಾರ ದೂಡಿಕೊಂಡು ಏರು ಹತ್ತಿದ್ರಿ ಅಂದ್ರ ಮುಂದಿನ ವರ್ಷ ಸೈಕಲ್ಲೂ ಇಲ್ಲ, ನಡಿಗಿನೂ ಇಲ್ಲ."

ಯಲ್ಲವ್ವ ನೇರ ಕಟ್ಟೆಗೆ ಹೋದಳು. ಕಟ್ಟೆಯ ಯಜಮಾನಿಕೆ ಶ್ರೀಶೈಲಪ್ಪನವರದು, ಪಂಚಾಯತಿಯ ಮಾಜಿ ಚೇರ್ಮನ್. ಚೇರ್ಮನ್‌ಗಿರಿ ಹೋಗಿ ಎರಡು ಚುನಾವಣೆ ದಾಟಿವೆ. ಊರಿಗೆ ಅದು ಗೊತ್ತು, ಅವರಿಗೆ ಇನ್ನೂ ಯಾರೂ ಹೇಳಿಲ್ಲ.

"ಮಾವಾರ, ಮೊಣಕಾಲು ಬ್ಯಾನಿ ಐತ್ರಿ. ಇನ್ನ ಮ್ಯಾಲ ನಾ ಇಳಿಯೂದಿಲ್ರಿ, ಹಂಗಽ ಹೋಗ್ತೇನಿ."

ಶ್ರೀಶೈಲಪ್ಪನವರು ರುಮಾಲು ಸರಿಮಾಡಿಕೊಂಡರು. ದೊಡ್ಡ ಮಾತಿಗೆ ಮುಂಚೆ ಅವರು ಯಾವಾಗಲೂ ರುಮಾಲು ಮುಟ್ಟುತ್ತಾರೆ. "ನಿನ್ನ ಬ್ಯಾನಿ ನಿನಗ, ಊರ ರಿವಾಜು ಊರಿಗೆ. ಸೈಕಲ್ ಮನ್ಯಾಗ ಇಟ್ಟು ಟಂಟಂ ಆಟೋ ಹತ್ತು."

"ಟಂಟಂ ನಿಮ್ಮ ಮುಂದ ಹಾದ್ರ ಒಳಗ ಕುಂತಾಕಿ ಇಳೀಬೇಕೇನ್ರಿ?"

"ಮಾತು ಬೆಳಸಬ್ಯಾಡ."

ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು. ಭೀಮಶ್ಯಾ ಒಳ್ಳೆಯ ಮನುಷ್ಯ, ಆದರೆ ಜಗಳವೆಂದರೆ ಅವನಿಗೆ ಹೊಟ್ಟೆ ಹಿಡಿಯುತ್ತದೆ. "ಊರಾಗ ಬಾಳೇವು ಮಾಡಬೇಕಲ್ಲ ಬೇ," ಅಂದ.

"ನಾನೂ ಊರಾಗಽ ಬಾಳೇವು ಮಾಡಾಕತ್ತೇನಿ. ಕಾಲು ಮಾತ್ರ ಊರಿಂದಲ್ಲ, ನಂದು."

ಅಂದಳು ನಿಜ. ಮರುದಿನ ಮತ್ತೆ ಇಳಿದೇ ಹೋದಳು. ಏರಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಾ, ಆ ಕಟ್ಟೆಯ ಕಡೆ ನೋಡಿ ಹಲ್ಲು ಕಡಿದಳು.

ಹೀಗಿರುವಾಗ ಸುದ್ದಿ ಬಂತು: ವಿಜಯಪುರದಿಂದ ಸೈಕಲ್ ಸವಾರರ ತಂಡ ಬರಲಿದೆ. ಭೀಮೆಯ ಕಣಿವೆ, ಹಳೆಯ ಹುಡೇವು, ವೀರಗಲ್ಲು, ಗದ್ದಲವಿಲ್ಲದ ರಸ್ತೆ, ಇವನ್ನೆಲ್ಲ ಸೈಕಲ್ ಮೇಲೆಯೇ ನೋಡುವ ಆಸೆ ಅವರದು. ಶ್ರೀಶೈಲಪ್ಪನವರು ಕೂಡಲೇ ಕಟ್ಟೆಗೆ ಸುಣ್ಣ ಹೊಡೆಸಿದರು. ಬ್ಯಾನರ್ ಕಟ್ಟಿಸಿದರು. ಅದರಲ್ಲಿ ಸೈಕಲ್ಲಿನ ಚಿತ್ರ ಅಂಗೈಯಷ್ಟು, ಅವರ ಮುಖ ಮೊರದಷ್ಟು. ಗದ್ದಲವಿಲ್ಲದ ರಸ್ತೆ ಹುಡುಕಿ ಬರುವವರ ಸಲುವಾಗಿ ದೊಡ್ಡ ಸ್ಪೀಕರ್ ಒಂದನ್ನೂ ತರಿಸಿದರು.

ಸವಾರರು ಬಂದರು. ಮುಂದೆ ತಂಡದ ಮುಖ್ಯಸ್ಥೆ ವಿದ್ಯಾವತಿ, ಕಾಲೇಜಿನಲ್ಲಿ ಪಾಠ ಹೇಳುವಾಕೆ. ತಲೆಗೆ ಹೆಲ್ಮೆಟ್, ಮೊಣಕಾಲ ತನಕ ಬಿಗಿಯಾದ ಚಡ್ಡಿ, ಕಣ್ಣಿಗೆ ಬಣ್ಣದ ಕನ್ನಡಕ. ಹಿಂದೆ ಇನ್ನೂ ಐದಾರು ಹೆಣ್ಣುಮಕ್ಕಳು, ಕೆಲವು ಗಂಡಸರು. ಇಳಿಜಾರಿನಲ್ಲಿ ಗಾಳಿಯ ಹಾಗೆ ಬಂದರು. ಯಾರೂ ಇಳಿಯಲಿಲ್ಲ. ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತರು. ಹೌದು, ಕಟ್ಟೆಯೇ ಎದ್ದು ನಿಂತಿತು! ಶ್ರೀಶೈಲಪ್ಪನವರು ಎರಡೂ ಕೈಯಿಂದ ಹೂ ಎರಚಿದರು. ಸ್ಪೀಕರಿನಲ್ಲಿ ಅವರದೇ ದನಿ: "ನಮ್ಮ ಊರಾಗ ಮಹಿಳೆಯರಿಗೆ ಭಾಳ ಗೌರವ ಐತಿ!"

ಆ ಮಾತು ಹಿಂದಿನಿಂದ ಬರುತ್ತಿದ್ದ ಯಲ್ಲವ್ವನ ಕಿವಿಗೆ ಬಿತ್ತು. ಆಕೆ ರೊಟ್ಟಿ ಗಂಟಿನ ಜೊತೆ ಓಣಿಯ ಬಾಯಲ್ಲಿದ್ದಳು. ಎಂದಿನ ಹಾಗೆ ಬ್ರೇಕಿನ ಮೇಲೆ ಬೆರಳು ಹೋಗಿತ್ತು. ಚಡ್ಡಿ ಹಾಕಿದವರಿಗೆ ಹೂವು, ಮೈತುಂಬ ಸೀರೆ ಉಟ್ಟವಳಿಗೆ ನೆಲ. ಬ್ರೇಕಿನಿಂದ ಬೆರಳು ತೆಗೆದಳು.

ಸೈಕಲ್ ಇಳಿಜಾರಿಗೆ ಬಿದ್ದದ್ದೇ ಡಬ್ಬಿಗಳು ಢಣ ಢಣ ಅಂದವು. ಕಟ್ಟೆಯ ಮೇಲಿನವರ ಕೈಯಲ್ಲಿ ಇನ್ನೂ ಹೂವಿತ್ತು. ಬಂದವಳು ಯಾರೆಂದು ತಿಳಿಯದೆ ಶ್ರೀಶೈಲಪ್ಪನವರು ಅವಳ ಮೇಲೂ ಎರಚಿಬಿಟ್ಟರು. ಆಮೇಲೆ ಗುರುತು ಹತ್ತಿತು.

"ಏ ಯಲ್ಲವ್ವಾ! ಇಳಿ! ಇಳೀ ಅಂತೇನಿ!"

ಸ್ಪೀಕರ್ ಚಾಲೂ ಇದ್ದದ್ದರಿಂದ ಆ ಅಪ್ಪಣೆ ಹೊಳೆಯ ಆಚೆ ದಂಡೆಯವರಿಗೂ ಕೇಳಿಸಿತು. ಕೇಳಿಸದಿದ್ದುದು ಯಲ್ಲವ್ವನೊಬ್ಬಳಿಗೆ. ಅರ್ಧ ಏರು ಸೈಕಲ್ ತಾನೇ ಹತ್ತಿತು. ಉಳಿದರ್ಧ ಆಕೆ ಸೀಟಿನಿಂದ ಎದ್ದು ತುಳಿದಳು. ಇಷ್ಟು ವರ್ಷ ದೂಡಿದ ಏರು ಇಷ್ಟು ಚಿಕ್ಕದೇ ಎಂದು ನೋಡಿ ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಇನ್ನೂ ಏರಿತು.

ಮೇಲೆ ಸವಾರರು ನಿಂತು ಬಾಳೆಹಣ್ಣು ತಿನ್ನುತ್ತಿದ್ದರು. ವಿದ್ಯಾವತಿ ಚಪ್ಪಾಳೆ ತಟ್ಟಿ, ಡಬ್ಬಿಯಲ್ಲೇನಿದೆ ಎಂದು ಕೇಳಿ, ಶೇಂಗಾ ಹಿಂಡಿ ಬಾಯಿಗಿಟ್ಟು ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡಳು. ಅಷ್ಟರಲ್ಲಿ ಶ್ರೀಶೈಲಪ್ಪನವರು ಇನ್ನೊಬ್ಬರ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬಂದಿಳಿದರು. ಹಿಂದೆಯೇ ಭೀಮಶ್ಯಾ, ಹೊಟ್ಟೆ ಹಿಡಿದುಕೊಂಡು.

"ಕಟ್ಟಿಗೆ ಅಪಮಾನ ಮಾಡಿದಿ!"

"ಇವರೆಲ್ಲ ಇಳಿದ್ರೇನ್ರಿ ಮಾವಾರ?"

"ಅವರು ಅತಿಥಿಗೋಳು."

"ಹಂಗಂದ್ರ ಊರಿನಾಕಿ ಆಗಿದ್ದಽ ನನ್ನ ತಪ್ಪು."

ವಿದ್ಯಾವತಿಗೆ ಆಗ ವಿಷಯ ಹೊಳೆಯಿತು. ಕನ್ನಡಕ ತೆಗೆದು ಚೇರ್ಮನ್ನರನ್ನು ನೆಟ್ಟಗೆ ನೋಡಿದಳು. ಮೊಬೈಲುಗಳು ಮೇಲೆದ್ದವು. ಕ್ಯಾಮೆರಾ ಕಂಡದ್ದೇ ಶ್ರೀಶೈಲಪ್ಪನವರ ಕೈ ರುಮಾಲಿಗೆ ಹೋಯಿತು, ದನಿ ಬೆಣ್ಣೆಯಾಯಿತು. "ಹೋಗ್ಲಿ ಬಿಡು. ಮೊಣಕಾಲು ಬ್ಯಾನಿ ಐತಿ ಅಂತ ನಿನ್ನೊಬ್ಬಾಕಿಗೆ ಪರವಾನಗಿ ಕೊಡ್ತೇವಿ. ಸಾಲಿ ಹುಡುಗ್ಯಾರು ಮಾತ್ರ ಇಳೀಬೇಕು ಮತ್ತ."

"ನಿಮ್ಮ ಪರವಾನಗಿ ನಿಮ್ಮ ಕಡೇನಽ ಇಟಗೋರಿ," ಅಂದಳು ಯಲ್ಲವ್ವ. "ನಾಳಿ ಆ ಹುಡುಗ್ಯಾರನ್ನ ಮುಂದ ಬಿಟ್ಟು ನಾ ಹಿಂದ ಬರ್ತೇನಿ. ಯಾರು ಇಳಸ್ತಾರ ನೋಡೂಣು."

ಭೀಮಶ್ಯಾ ಹೆಂಡತಿಯ ಮುಖ ನೋಡಿ, ಹೋಗಿ ಆಕೆಯ ಸೈಕಲ್ಲಿನ ಸ್ಟ್ಯಾಂಡು ಸರಿಮಾಡಿದ. ಮದುವೆಯಾದಂದಿನಿಂದ ಅವನು ಹೂಡಿದ ಅತಿ ದೊಡ್ಡ ಬಂಡಾಯ ಅದು.

ಈ ಗದ್ದಲದಲ್ಲಿ ಸುನೀಲಕುಮಾರ ತೂರಿ ಬಂದ. ತಾಲೂಕಿನ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿಗೆ ಹಂಚುವ ವರದಿಗಾರ. ಎದುರಿಗೆ ಇಷ್ಟೊಂದು ನಡೆದಿದೆ, ಅವನ ಕಣ್ಣಿಗೆ ಬಿದ್ದದ್ದು ಸಾಮಾನು ಮಾತ್ರ. ಮೊಬೈಲನ್ನು ಆಕೆಯ ಗದ್ದಕ್ಕೆ ಹಿಡಿದು ಗಂಟಲು ಸರಿಮಾಡಿಕೊಂಡ.

"ಯಲ್ಲವ್ವಾರ, ನಮ್ಮ ವೀಕ್ಷಕರಿಗೆ ಹೇಳ್ರಿ. ಇಷ್ಟ ವರ್ಷ ಈ ಏರು ಹತ್ತೀರಿ. ಹತ್ತುಮುಂದ ನಿಮಗ ಎಲ್ಲಾದಕಿಂತ ಭಾರ ಅನಸಿದ್ದು ಯಾವುದ್ರಿ? ರೊಟ್ಟಿ ಗಂಟೋ, ಹಿಂಡಿ ಡಬ್ಬೀನೋ?"

ಯಲ್ಲವ್ವ ಸೈಕಲ್ ಹತ್ತಿ, ಒಂದು ಕಾಲು ಪೆಡಲಿನ ಮೇಲಿಟ್ಟು, ಅವನ ಮೊಬೈಲಿನತ್ತ ಅಲ್ಲ, ರುಮಾಲಿನತ್ತ ನೋಡಿದಳು.

"ಕಟ್ಟಿ ಮ್ಯಾಲ ಕುಂತಾವ್ರು."